ನಳದಲ್ಲಿ ರಾಡಿ ನೀರು ಬಂದಾಗ: ಮೊದಲು ಬಾಟಲಿ, ಆಮೇಲೆ ಪ್ಲಂಬರ್

"ಅಣ್ಣಾರ, ಟಾಕಿ ತೊಳಸಿದ್ವಿ, ಹೊಸಾ ಫಿಲ್ಟರ್ ಹಾಕ್ಸಿದ್ವಿ, ಮತ್ತ ಕೆಂಪನ್ನ ನೀರೇ ಬರಲತ್ತಾವ್ರೀ." ಕಲಬುರಗಿಯಲ್ಲಿ ಮಳೆಗಾಲ ಹಿಡಿದರೆ ಸಾಕು, ಈ ಮಾತು ವಾರಕ್ಕೊಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತದೆ. ಟಾಕಿ ತೊಳೆಸಿದ್ದು ತಪ್ಪಲ್ಲ, ಫಿಲ್ಟರ್ ಹಾಕಿಸಿದ್ದೂ ತಪ್ಪಲ್ಲ, ತಪ್ಪಿದ್ದು ಸರದಿ. ಬಣ್ಣ ಯಾವ ಜಾಗದಲ್ಲಿ ನೀರಿಗೆ ಸೇರುತ್ತಿದೆ ಎಂದು ಹಿಡಿಯದೆ ದುಡ್ಡು ಸುರಿದರೆ ಮುಂದಿನ ಸಲ ನಳ ಬಂದಾಗ ಅದೇ ಬಣ್ಣ ಮತ್ತೆ ಕೊಡದಲ್ಲಿ ಕೂತಿರುತ್ತದೆ.

ನಾನೂ ಇದನ್ನೇ ಮಾಡಿದವನು. ಮೊದಲು ಕ್ಯಾಂಡಲ್ ಫಿಲ್ಟರ್ ತಂದೆ, ಒಂಬತ್ತು ದಿನಕ್ಕೆ ಕ್ಯಾಂಡಲ್ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ನೀರು ಇಳಿಯುವುದೇ ನಿಂತಿತು. ಆಮೇಲೆ ಟಾಕಿ ತೊಳೆಸಿದೆ. ಕೊನೆಗೆ ಸಿಕ್ಕ ಕಳ್ಳ ಮೀಟರಿನಿಂದ ಸಂಪಿಗೆ ಹೋಗುವ ಎರಡು ಅಡಿ ಕಬ್ಬಿಣದ ಪೈಪು. ಕತ್ತರಿಸಿ ನೋಡಿದರೆ ಒಳಗೆ ಜಂಗು (ತುಕ್ಕು) ಗಡ್ಡೆಗಡ್ಡೆಯಾಗಿ ಬೆಳೆದು, ನಡುವೆ ಪೆನ್ಸಿಲ್ ತೂರುವಷ್ಟು ತೂತು ಮಾತ್ರ ಉಳಿದಿತ್ತು. ಬೆರಳಿನಿಂದ ಕೆರೆದರೆ ಕುಂಕುಮದ ಹಾಗೆ ಉದುರುತ್ತಿತ್ತು. ಆ ತುಂಡು ಬದಲಿಸಲು ಅರ್ಧ ದಿನವೂ ಬೇಕಾಗಲಿಲ್ಲ.

ಕೆಳಗಿನ ಹಂತಗಳನ್ನು ಬರೆದ ಸರದಿಯಲ್ಲೇ ಮಾಡಿ. ನಡುವಿನದನ್ನು ಹಾರಿಸಿ ಕೊನೆಗೆ ಹೋಗುವವರೇ ಮತ್ತೆ ಫೋನ್ ಮಾಡುವವರು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಒಂದೇ ಅಳತೆಯ ನಾಲ್ಕೈದು ಪಾರದರ್ಶಕ ಬಾಟಲಿ ಬೇಕು. ಒಂದು ಲೀಟರಿನ ನೀರಿನ ಬಾಟಲಿಯ ಲೇಬಲ್ ಕಿತ್ತು, ಚೆನ್ನಾಗಿ ತೊಳೆದರೆ ಸಾಕು. ತಂಪು ಪಾನೀಯದ ಬಾಟಲಿಯಲ್ಲಿ ಬಣ್ಣ, ವಾಸನೆ ಉಳಿದಿರುತ್ತದೆ, ಅದು ಬೇಡ. ಹಿಂದೆ ಹಿಡಿದು ನೋಡಲು ಬಿಳಿ ಹಾಳೆ, ಬಾಟಲಿ ಮೇಲೆ ಬರೆಯಲು ಮಾರ್ಕರ್ ಪೆನ್ನು, ಸಂಪಿನೊಳಗೆ ನೋಡಲು ಟಾರ್ಚು, ಸೋಸಲು ಹಳೆಯ ಬಿಳಿ ಬನಿಯನ್ನು. ಸ್ಟೀಲ್ ಲೋಟದಲ್ಲಿ ನೀರು ನೋಡಬೇಡಿ. ಸ್ಟೀಲಿನ ಹೊಳಪಿನಲ್ಲಿ ತೆಳು ಹಳದಿ ಕಾಣುವುದೇ ಇಲ್ಲ.

ಸಿಕ್ಕರೆ ಕ್ಲೋರಿನ್ ನೋಡುವ ಹನಿಮದ್ದಿನ ಚಿಕ್ಕ ಕಿಟ್ ಒಂದು ಇರಲಿ. ನೀರಿಗೆ ಹನಿ ಹಾಕಿದರೆ ಹಳದಿಗೆ ತಿರುಗುತ್ತದೆ, ಕ್ಲೋರಿನ್ ಹೆಚ್ಚಿದ್ದಷ್ಟೂ ಹಳದಿ ಗಾಢ. ಪಾನಾ, ಗರಗಸ ಎಲ್ಲ ಈಗ ಬೇಡ, ಅವುಗಳ ಕೆಲಸ ಇನ್ನೂ ದೂರ ಇದೆ.

## ಹಂತ 1: ಸಂಪಿನ ವಾಲ್ವ್ ಮುಚ್ಚಿ, ಮೋಟಾರ್ ಬಂದ್ ಮಾಡಿ

ನಮ್ಮ ಕಡೆ ನಳ ದಿನಾ ಬರುವುದಿಲ್ಲ. ಯಾವಾಗ ಬರುತ್ತದೋ ಎಂದು ಸಂಪಿನ ವಾಲ್ವ್ ತೆರೆದಿಟ್ಟೇ ಮಲಗುವುದು ರೂಢಿ. ತೊಂದರೆ ಶುರುವಾಗುವುದೇ ಅಲ್ಲಿ. ನಾಲ್ಕು ದಿನ ಖಾಲಿ ಬಿದ್ದ ಪೈಪಿಗೆ ನೀರು ಒಮ್ಮೆಲೇ ನುಗ್ಗಿದಾಗ ಒಳಗಿನ ಜಂಗು, ಮಣ್ಣು, ಪೈಪು ಖಾಲಿಯಿದ್ದಾಗ ಬಿರುಕಿನಿಂದ ಒಳಸೇರಿದ ಹೊಲಸು ಎಲ್ಲ ಮೊದಲ ಹತ್ತು ನಿಮಿಷದ ನೀರಿನಲ್ಲೇ ಬರುತ್ತದೆ. ಆ ನಾಲ್ಕು ಕೊಡ ನೀರು ನಿಮ್ಮ ಎರಡು ಸಾವಿರ ಲೀಟರ್ ಸಂಪನ್ನು ಕೆಡಿಸುತ್ತದೆ.

ಆದ್ದರಿಂದ ಬಣ್ಣ ಕಂಡ ಕೂಡಲೆ ಸಂಪಿಗೆ ಹೋಗುವ ವಾಲ್ವ್ ಮುಚ್ಚಿ. ನೀರು ಆಗಲೇ ಸಂಪಿಗೆ ಬಿದ್ದಿದ್ದರೆ ಮೋಟಾರ್ ಹಾಕಿ ಮೇಲೆ ಏರಿಸಬೇಡಿ. ಮೇಲಿನ ಟಾಕಿಯಲ್ಲಿ ಉಳಿದಿರುವ ಹಳೆಯ ನೀರೇ ಈಗ ನಿಮ್ಮ ಆಸ್ತಿ. ಗಾಬರಿಯಲ್ಲಿ "ಮೊದಲು ಟಾಕಿ ತುಂಬಿಸಿಬಿಡೋಣ" ಎನ್ನುವವರು ಒಂದು ಜಾಗದ ಸಮಸ್ಯೆಯನ್ನು ಎರಡು ಜಾಗಕ್ಕೆ ಹಬ್ಬಿಸುತ್ತಾರೆ.

ಸಂಪಿಗೆ ಮುಂಚೆ ನಿಮ್ಮಲ್ಲಿ ವಾಲ್ವೂ ಇಲ್ಲ, ತೋಟಿಯೂ ಇಲ್ಲ ಎಂದಾದರೆ, ಈ ಬರಹದಲ್ಲಿ ನಾನು ಹೇಳುವ ಮೊದಲ ಖರ್ಚು ಅದೇ. ಲೈನಿನ ನೀರು ಸಂಪಿಗೆ ಇಳಿಯುವ ಮುನ್ನ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ), ಒಂದು ತೋಟಿ, ಒಂದು ವಾಲ್ವ್ ಹಾಕಿಸಿ. ಮೊದಲ ನೀರನ್ನು ತೋಟಿಯಿಂದ ಬಕೆಟಿಗೆ ಹಿಡಿದು ಪಾಯಖಾನೆಗೆ, ಗಿಡಕ್ಕೆ ಬಳಸಿ. ಬಣ್ಣ ತಿಳಿಯಾದ ಮೇಲೆ ಸಂಪಿನ ವಾಲ್ವ್ ತೆರೆಯಿರಿ. ಅರ್ಧದಷ್ಟು ಮನೆಗಳ ತಕರಾರು ಇಷ್ಟಕ್ಕೇ ಮುಗಿದದ್ದನ್ನು ನೋಡಿದ್ದೇನೆ.

## ಹಂತ 2: ನಾಲ್ಕು ಜಾಗದ ನೀರು, ನಾಲ್ಕು ಬಾಟಲಿ

ಎಲ್ಲರೂ ಮಾಡುವ ತಪ್ಪು ಅಡುಗೆಮನೆಯ ತೋಟಿಯ ನೀರನ್ನು ಮಾತ್ರ ನೋಡುವುದು. ಆ ನೀರು ಲೈನು, ಸಂಪು, ಮೋಟಾರ್, ಟಾಕಿ, ಗೋಡೆಯೊಳಗಿನ ಪೈಪು ಎಲ್ಲ ದಾಟಿ ಬಂದದ್ದು. ಅದರ ಬಣ್ಣ ನೋಡಿ ದೋಷ ಎಲ್ಲಿದೆ ಎಂದು ಯಾರೂ ಹೇಳಲಾರರು.

ಮೊದಲ ಬಾಟಲಿಗೆ ನಳ ಬಂದ ಕೂಡಲೆ ಬರುವ ಲೈನಿನ ನೀರು. ತೋಟಿ ಇಲ್ಲದಿದ್ದರೆ ಸಂಪಿನ ಬಾಯಲ್ಲಿ ಪೈಪಿನ ಕೆಳಗೇ ಮಗ್ ಹಿಡಿಯಿರಿ. ಎರಡನೆಯದಕ್ಕೆ ಅದೇ ಜಾಗದ ನೀರು, ಹದಿನೈದು ನಿಮಿಷ ಬಿಟ್ಟು. ಮೂರನೆಯದು ಸಂಪಿನ ನೀರು: ಬಕೆಟನ್ನು ಮೆಲ್ಲಗೆ ಇಳಿಸಿ, ತಳ ಕಲಕಬೇಡಿ. ನಾಲ್ಕನೆಯದು ಬೆಳಗ್ಗೆ ಎದ್ದ ಕೂಡಲೆ ಅಡುಗೆಮನೆಯ ತೋಟಿಯಿಂದ ಬರುವ ಮೊದಲ ನೀರು. ರಾತ್ರಿಯೆಲ್ಲ ಮನೆಯ ಪೈಪಿನೊಳಗೆ ನಿಂತದ್ದು ಅದೇ, ಪೈಪಿನ ಗುಟ್ಟು ಅದರಲ್ಲಿರುತ್ತದೆ.

ಬೋರ್ ಇದ್ದವರು ಬೋರಿನ ಪೈಪಿನಿಂದಲೇ ನೇರವಾಗಿ ಐದನೆಯ ಬಾಟಲಿ ತುಂಬಿಕೊಳ್ಳಿ. ಬೋರ್ ನೀರು, ನಳದ ನೀರು ಎರಡೂ ಒಂದೇ ಸಂಪಿಗೆ ಬಿಡುವ ಮನೆಗಳೇ ಹೆಚ್ಚು. ಅಂಥಲ್ಲಿ ಈ ಬಾಟಲಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಬಚ್ಚಲಲ್ಲಿ ಬಿಸಿನೀರಿಗೆ ಮಾತ್ರ ಬಣ್ಣ, ತಣ್ಣೀರು ತಿಳಿ ಎಂದಾದರೆ ಇಲ್ಲಿಗೇ ನಿಲ್ಲಿಸಿ: ಜಂಗು ಹಿಡಿದಿರುವುದು ಗೀಸರ್ ಇಲ್ಲವೇ ಸೋಲಾರಿನ ಟಾಕಿ, ಅದನ್ನು ಬಿಚ್ಚಿಸಿ.

ಪ್ರತಿ ಬಾಟಲಿ ಮೇಲೆ ಜಾಗ, ತಾರೀಖು, ಗಂಟೆ ಬರೆಯಿರಿ. ಬಿಳಿ ಹಾಳೆ ಹಿಂದಿಟ್ಟು, ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೊ ತೆಗೆಯಿರಿ. ಈ ಫೋಟೊ ಮುಂದೆ ಕೆಲಸಕ್ಕೆ ಬರುತ್ತದೆ.

## ಹಂತ 3: ಅರ್ಧ ಗಂಟೆ ಕಾಯಿರಿ, ಆಮೇಲೆ ಒಂದು ರಾತ್ರಿ

ಬಾಟಲಿಗಳನ್ನು ಅಲುಗಿಸದೆ ಬಿಡಿ. ಈಗ ನೋಡಬೇಕಾದ್ದು ಬಣ್ಣಕ್ಕಿಂತ ಹೆಚ್ಚಾಗಿ ಬಣ್ಣ ಹೇಗೆ ಬದಲಾಗುತ್ತದೆ ಎಂಬುದನ್ನು.

ಹಾಲಿನಂತೆ ಬೆಳ್ಳಗೆ ಬಂದು, ಒಂದೆರಡು ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿ. ಖಾಲಿ ಪೈಪಿನ ಗಾಳಿ ಒತ್ತಡಕ್ಕೆ ನೀರಲ್ಲಿ ಬೆರೆತು ಬರುತ್ತದೆ. ಏನೂ ಮಾಡಬೇಕಿಲ್ಲ. ಬಿಳಿ ಪುಡಿ ತಳಕ್ಕೆ ಕೂತರೆ ಮಾತು ಬೇರೆ, ಅದು ಸುಣ್ಣ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ನೆಲವೇ ಸುಣ್ಣದಕಲ್ಲು, ಅಲ್ಲಿನ ಬೋರ್ ನೀರು ಗಡಸು. ಒಣಗಿದ ಪುಡಿಗೆ ನಿಂಬೆರಸ ಹಿಂಡಿದರೆ ನೊರೆಗುಟ್ಟುತ್ತದೆ.

ಬಂದಾಗಲೇ ಕಂದು ಅಥವಾ ಮಣ್ಣಿನ ಬಣ್ಣ, ತಳದಲ್ಲಿ ಮೆತ್ತನೆಯ ರಾಡಿ ಎಂದರೆ ಹೊಳೆಯ ಮಣ್ಣು. ಕಲಬುರಗಿಗೆ ನೀರು ಬರುವುದು ಸರಡಗಿಯ ಬಳಿಯ ಭೀಮಾ ನದಿಯಿಂದ ಮತ್ತು ಬೆಣ್ಣೆತೊರಾ ಜಲಾಶಯದಿಂದ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾಗಿ ಉಜನಿ ಅಣೆಕಟ್ಟಿನಿಂದ, ಕೆಳಗೆ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟರೆ ಭೀಮೆಗೆ ಹೊಸ ನೀರು ಬರುತ್ತದೆ, ಆಗ ಶುದ್ಧೀಕರಣ ಘಟಕದ ಮೇಲೂ ಭಾರ ಬೀಳುತ್ತದೆ. ಇಡೀ ಓಣಿಗೆ ಒಂದೇ ಬಣ್ಣ ಬಂದಿದ್ದರೆ ಇದೇ ಇರಬಹುದು. ಬೀದರಿನ ಕೆಂಪು ನೆಲದ ಬಾವಿ, ಬೋರುಗಳಲ್ಲಿ ಮಳೆಯಾದ ಮೇಲೆ ಬರುವ ಕೆಂಪು ಇನ್ನೂ ಹಟಮಾರಿ. ಆ ಮಣ್ಣು ಎಷ್ಟು ನುಣುಪೆಂದರೆ ರಾತ್ರಿಯಿಡೀ ಬಿಟ್ಟರೂ ಪೂರ್ತಿ ಕೂರುವುದಿಲ್ಲ.

ಕೆಂಪು-ಕಿತ್ತಳೆ, ತಳದಲ್ಲಿ ಮರಳಿನಂತೆ ಕಾಳುಕಾಳು ಎಂದರೆ ಜಂಗು. ಒಂದು ಕಾಳನ್ನು ಬಿಳಿ ಬಟ್ಟೆಯ ಮೇಲೆ ಉಜ್ಜಿ, ಕಿತ್ತಳೆ ಗೆರೆ ಬೀಳುತ್ತದೆ. ಮಣ್ಣು ಹೀಗೆ ಗೆರೆ ಬಿಡುವುದಿಲ್ಲ, ಮೆತ್ತಿಕೊಳ್ಳುತ್ತದೆ.

ಬಂದಾಗ ತಿಳಿ, ಗಂಟೆಗಳಲ್ಲಿ ಹಳದಿ, ಬೆಳಗಾಗುವಷ್ಟರಲ್ಲಿ ಕೆಂಪು ಎಂದರೆ ಬೋರ್ ನೀರಲ್ಲಿ ಕರಗಿರುವ ಕಬ್ಬಿಣ. ನೆಲದೊಳಗೆ ಗಾಳಿ ಇಲ್ಲದ ಕಡೆ ಅದು ಕರಗಿಯೇ ಇರುತ್ತದೆ, ಹೊರಬಂದು ಗಾಳಿ ತಾಕಿದಾಗ ಜಂಗಾಗಿ ಕೂರುತ್ತದೆ. ಖಾತ್ರಿ ಮಾಡಿಕೊಳ್ಳಲು ಪ್ರಯೋಗಶಾಲೆಗೇ ಹೋಗಬೇಕೆಂದಿಲ್ಲ: ನಾಲ್ಕು ಪೇರಲ ಎಲೆ ಜಜ್ಜಿ ಲೋಟದ ನೀರಿಗೆ ಹಾಕಿ. ಕಬ್ಬಿಣ ಹೆಚ್ಚಿದ್ದರೆ ನೀರು ಕಪ್ಪು-ನೇರಳೆಗೆ ತಿರುಗುತ್ತದೆ. ಕರಿ ಚಹಾದ ಡಿಕಾಕ್ಷನ್ನೂ ಅದೇ ಸಾಕ್ಷಿ ಹೇಳುತ್ತದೆ, ಶಾಯಿಯಂತೆ ಕಪ್ಪಾಗುತ್ತದೆ. ನೆಂಟರ ಮನೆಯಲ್ಲಿ ಚಹಾ ಕಪ್ಪಗಿದ್ದರೆ ಪುಡಿಯನ್ನು ಬೈಯುವ ಮೊದಲು ಬೋರನ್ನು ವಿಚಾರಿಸಿ.

ಕಪ್ಪು ಬಣ್ಣಕ್ಕೆ ಮೂರು ಕಾರಣ. ತೋಟಿಯ ರಬ್ಬರ್ ವಾಷರ್ ಸವೆದು ಕಪ್ಪು ಚೂರು ಬರುತ್ತಿದ್ದರೆ ಬೆರಳಲ್ಲಿ ಒತ್ತಿದಾಗ ಮಸಿಯಂತೆ ಹರಡುತ್ತದೆ, ಅದೂ ಒಂದೇ ತೋಟಿಯಲ್ಲಿ. ಟಾಕಿಯ ಗೋಡೆಗೆ ಕಪ್ಪು ಜಾರುಪದರ ಕಟ್ಟಿ ನೀರು ಕಂದು-ಕಪ್ಪಾಗಿದ್ದರೆ ಮ್ಯಾಂಗನೀಸ್. ಮೂರನೆಯದು ಗಟಾರ.

ಹಸಿರು ಎಂದರೆ ಪಾಚಿ. ಟಾಕಿಗೆ ಬೆಳಕು ಬೀಳುತ್ತಿದೆ, ಮುಚ್ಚಳ ಒಡೆದಿದೆ, ಅಷ್ಟೇ.

ಈಗ ಮುಖ್ಯವಾದದ್ದು. ಬೂದು ಅಥವಾ ತೆಳು ಹಳದಿ, ಮೇಲೆ ಸಣ್ಣ ನೊರೆ, ಮುಚ್ಚಳ ತೆಗೆದಾಗ ಕೊಳೆತ ವಾಸನೆ ಇದ್ದರೆ ಬಾಟಲಿ ಕೆಳಗಿಡಿ, ಹಂತ 4 ಓದಿ. ಕೆಂಪು ನೀರು ಕಂಡು ಊರೆಲ್ಲ ಕೂಗಾಡುವ ನಾವು, ಸ್ವಲ್ಪವೇ ಮಾಸಿದ ಈ ನೀರನ್ನು "ಮಳೆಗಾಲ ಅಲ್ಲೇನ್ರೀ" ಎಂದು ಕುಡಿದುಬಿಡುತ್ತೇವೆ. ಆಸ್ಪತ್ರೆಗೆ ಸೇರಿಸುವುದು ಹೆಚ್ಚಾಗಿ ಈ ಎರಡನೆಯದು.

## ಹಂತ 4: ಗಟಾರದ ವಾಸನೆ ಬಂದರೆ ಉಳಿದದ್ದೆಲ್ಲ ಬಿಡಿ

ನಮ್ಮ ಹಳೆಯ ಓಣಿಗಳಲ್ಲಿ ಮನೆಯ ನಳದ ಪೈಪು ಗಟಾರದ ಅಡಿಯಲ್ಲೋ, ಗಟಾರದ ಒಳಗೇ ಮುಳುಗಿಯೋ ಹೋಗುವುದನ್ನು ಯಾರು ಬೇಕಾದರೂ ನೋಡಬಹುದು. ನೀರು ಬರುವಾಗ ಒಳಗಿನ ಒತ್ತಡದಿಂದ ಬಿರುಕಿನಲ್ಲಿ ನೀರು ಹೊರಗೆ ಚಿಮ್ಮುತ್ತದೆ. ಸರಬರಾಜು ನಿಂತು ಪೈಪು ಖಾಲಿಯಾಗುವಾಗ ಒಳಗೆ ಎಳೆತ ಹುಟ್ಟುತ್ತದೆ, ಅದೇ ಬಿರುಕು ಗಟಾರದ ನೀರನ್ನು ಹೀರುತ್ತದೆ. ಲೈನಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವವರು ಓಣಿಯಲ್ಲಿದ್ದರೆ ನೀರು ಬರುವ ಹೊತ್ತಿನಲ್ಲೂ ಈ ಹೀರುವಿಕೆ ನಡೆಯುತ್ತದೆ. ಅಂಥ ಮೋಟಾರ್ ನಿಮ್ಮ ಮನೆಯಲ್ಲೇ ಇದ್ದರೆ ಇವತ್ತೇ ತೆಗೆಸಿ. ಎಳೆದ ನೀರು ಮೊದಲು ಬರುವುದು ನಿಮ್ಮ ಸಂಪಿಗೇ.

ಕ್ಲೋರಿನ್ ಹನಿ ಹಾಕಿ ನೋಡಿ. ತೋಟಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಭಾರತೀಯ ಮಾನದಂಡ. ಲೈನಿನ ಮೊದಲ ಬಾಟಲಿಯಲ್ಲಿ ಹಳದಿ ಸುಳಿವೇ ಇಲ್ಲ, ಪಕ್ಕದ ಓಣಿಯ ನೀರಲ್ಲಿ ಚೆನ್ನಾಗಿ ಹಳದಿ ಬರುತ್ತದೆ ಎಂದಾದರೆ ನಡುವೆ ಎಲ್ಲೋ ಹೊಲಸು ಸೇರಿ ಕ್ಲೋರಿನ್ ತಿಂದುಹಾಕಿದೆ.

ಹೀಗಾದಾಗ ಮಾಡಬೇಕಾದ್ದು ಇಷ್ಟು. ಆ ನೀರನ್ನು ಕುಡಿಯಲು, ಪಾತ್ರೆ ತೊಳೆಯಲು, ಹಲ್ಲುಜ್ಜಲು ಬಳಸಬೇಡಿ. ಸಂಪಿಗೆ ಬಿದ್ದಿದ್ದರೆ ಪೂರ್ತಿ ಖಾಲಿ ಮಾಡಿ, ಅರೆಮನಸ್ಸು ಬೇಡ. ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿ. ಪಾಲಿಕೆ ಅಥವಾ ಪುರಸಭೆಯ ನೀರು ಸರಬರಾಜು ವಿಭಾಗಕ್ಕೆ ಅವತ್ತೇ ಬರೆದುಕೊಡಿ. ಎರಡು ಮನೆಗಳಲ್ಲಿ ಒಂದೇ ದಿನ ವಾಂತಿ-ಭೇದಿ ಕಂಡರೆ ಅದನ್ನು "ಹೊರಗಿನದೇನೋ ತಿಂದಿರಬೇಕು" ಎಂದು ತಳ್ಳಿಹಾಕದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಸ್ಪತ್ರೆಗೆ ಹೋಗುವ ತನಕ ಓಆರ್‌ಎಸ್ ಕುಡಿಸುತ್ತಿರಿ. ಪುಡಿ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಕೂಸು ಕಣ್ಣು ಗುಳಿ ಬಿದ್ದು ಮಂಕಾಗಿ ಮಲಗಿದರೆ, ಉಚ್ಚೆ ಕಮ್ಮಿಯಾದರೆ ಮನೆಮದ್ದಿನ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಿ.

## ಹಂತ 5: ಬಾಟಲಿಗಳನ್ನು ಒಂದರ ಪಕ್ಕ ಒಂದಿಟ್ಟು ಜಾಗ ಹಿಡಿಯಿರಿ

ವಾಸನೆ ಇಲ್ಲ, ಬರೀ ಬಣ್ಣ ಎಂದಾದರೆ ಸಾವಕಾಶ ಇದೆ. ಮೊದಲ ಬಾಟಲಿ ಕೆಟ್ಟಿದೆ, ಎರಡನೆಯದು ತಿಳಿ ಎಂದರೆ ಲೈನಿನ ಮೊದಲ ನೀರಿನದಷ್ಟೇ ದೋಷ. ಹಂತ 1ರಲ್ಲಿ ಹೇಳಿದ ತೋಟಿಯೇ ಅದಕ್ಕೆ ಮದ್ದು. ಎರಡೂ ಕೆಟ್ಟಿದ್ದರೆ ಬದಿಯ ಮನೆಯವರ ಲೈನಿನ ನೀರು ಹಿಡಿದು ನೋಡಿ. ಅವರದೂ ಹಾಗೇ ಇದ್ದರೆ ದೊಡ್ಡ ಲೈನಿನ ಸಮಸ್ಯೆ, ಅವರದು ತಿಳಿಯಿದ್ದರೆ ರಸ್ತೆಯಿಂದ ನಿಮ್ಮ ಮನೆಗೆ ಬರುವ ಪೈಪಿನದು. ನನ್ನ ಮನೆಯ ಎರಡಡಿ ಪೈಪು ಸಿಕ್ಕಿದ್ದು ಹೀಗೆ, ಎದುರು ಮನೆಯ ಬಾಟಲಿ ಕನ್ನಡಿಯಂತಿತ್ತು.

ಲೈನ್ ತಿಳಿ, ಸಂಪು ಕೆಟ್ಟಿದೆ ಎಂದರೆ ಸಂಪಿನ ತಳ, ಇಲ್ಲವೇ ಮಳೆನೀರು, ಗಟಾರ ಪಕ್ಕದ ಮಣ್ಣಿನಿಂದ ಸಂಪಿನೊಳಗೆ ಜಿನುಗುತ್ತಿದೆ. ಟಾರ್ಚ್ ಹಾಕಿ ಗೋಡೆ ನೋಡಿ, ಒದ್ದೆ ಗೆರೆ ಇಳಿದಿರುತ್ತದೆ. ಸಂಪು ತಿಳಿ, ಅಡುಗೆಮನೆಯದು ಕೆಟ್ಟಿದೆ ಎಂದರೆ ಟಾಕಿ ಅಥವಾ ಮನೆಯ ಪೈಪು. ತೋಟಿಯನ್ನು ಎರಡು ನಿಮಿಷ ಬಿಟ್ಟಾಗ ತಿಳಿಯಾದರೆ ಪೈಪು, ಬಿಟ್ಟಷ್ಟೂ ಹಾಗೇ ಬಂದರೆ ಟಾಕಿ.

## ಹಂತ 6: ದೊಡ್ಡ ಲೈನಿನದಾದರೆ ದೂರು ಬರೆಯುವ ಬಗೆ

"ನೀರು ಸರಿ ಬರುತ್ತಿಲ್ಲ" ಎಂದು ಬರೆದ ಅರ್ಜಿ ಫೈಲಿನಲ್ಲಿ ಮಲಗುತ್ತದೆ. ನಳ ಬಂದ ಗಂಟೆ, ಬಣ್ಣ ಎಷ್ಟು ನಿಮಿಷ ಇತ್ತು, ಎಷ್ಟು ಮನೆಗೆ ಬಂತು, ಹತ್ತಿರದಲ್ಲಿ ರಸ್ತೆ, ಯುಜಿಡಿ (ಒಳಚರಂಡಿ), ಕೇಬಲ್ಲಿಗೆಂದು ಅಗೆದಿದ್ದಾರೆಯೇ ಎಂಬುದನ್ನು ಬರೆದು ಬಾಟಲಿಗಳ ಫೋಟೊ ಲಗತ್ತಿಸಿ. ಅಗೆತ ಇದ್ದರೆ ಜಾಗ ತೋರಿಸಿ. ಕೇಳಬೇಕಾದ್ದು ಎರಡೇ: ಲೈನಿನ ಕೊನೆಯ ವಾಲ್ವ್ ತೆರೆದು ಹೊಲಸು ಹರಿಸಿಬಿಡುವುದು, ಗಟಾರ ದಾಟುವ ಕಡೆ ಪೈಪಿನ ತಪಾಸಣೆ. ಐದಾರು ಮನೆಯವರ ಸಹಿ ಇರಲಿ, ಸ್ವೀಕೃತಿ ತಗೊಳ್ಳದೆ ಬರಬೇಡಿ.

ವಾಲ್‌ಮನ್ ಜೊತೆ ಜಗಳ ಆಡಬೇಡಿ. ಯಾವ ಲೈನು ಎಲ್ಲಿ ತಿರುಗುತ್ತದೆ, ಹಿಂದಿನ ವರ್ಷ ಎಲ್ಲಿ ಒಡೆದಿತ್ತು ಎಂಬುದು ಕಚೇರಿಯ ನಕ್ಷೆಗಿಂತ ಅವನಿಗೇ ಚೆನ್ನಾಗಿ ಗೊತ್ತು.

## ಹಂತ 7: ನಿಮ್ಮ ಪೈಪಿನದಾದರೆ

ಮನೆಯ ಪೈಪೆಲ್ಲ ಬದಲಿಸಬೇಕು ಎನ್ನುವ ಪ್ಲಂಬರ್ ಮಾತಿಗೆ ಕೂಡಲೆ ತಲೆಯಾಡಿಸಬೇಡಿ. ಹಳೆಯ ಮನೆಗಳಲ್ಲಿ ಗೋಡೆಯೊಳಗಿನ ಪೈಪನ್ನು ಯಾವಾಗಲೋ ಪ್ಲಾಸ್ಟಿಕ್ಕಿಗೆ ಬದಲಿಸಿ, ಮೀಟರ್ ಬಳಿ, ಮೋಟಾರ್ ಬಾಯಿ, ಟಾಕಿಯ ಕೊರಳು ಇಂಥಲ್ಲಿ ಕಬ್ಬಿಣದ ತುಂಡು ಬಿಟ್ಟಿರುತ್ತಾರೆ. ಅಯಸ್ಕಾಂತ ಹಿಡಿದು ಪೈಪಿನ ಉದ್ದಕ್ಕೂ ನಡೆಯಿರಿ, ಬಣ್ಣ ಬಳಿದಿದ್ದರೂ ಎಲ್ಲಿ ಕಚ್ಚುತ್ತದೋ ಅಲ್ಲಿ ಕಬ್ಬಿಣ. ಆ ತುಂಡುಗಳನ್ನು ಮೊದಲು ತೆಗೆಸಿ. ಮುಂಚಿಗಿಂತ ಧಾರೆ ಸಣ್ಣದಾಗಿದೆ, ಬೆಳಗಿನ ಮೊದಲ ಮಗ್ ಮಾತ್ರ ಕೆಂಪು ಎಂಬ ಎರಡು ಲಕ್ಷಣ ಒಟ್ಟಿಗಿದ್ದರೆ ಪೈಪು ಒಳಗೆ ಮುಚ್ಚಿಕೊಳ್ಳುತ್ತಿದೆ.

## ಹಂತ 8: ಸಂಪು, ಟಾಕಿ ತೊಳೆಯುವ ಸರದಿ

ಮೂಲ ಸರಿಯಾದ ಮೇಲೆ ಇದು. ಮೊದಲು ಸಂಪು, ಆಮೇಲೆ ಟಾಕಿ. ತಿರುಗಾಮುರುಗಾ ಮಾಡಿದರೆ ತೊಳೆದ ಟಾಕಿಗೆ ಸಂಪಿನ ರಾಡಿಯೇ ಏರುತ್ತದೆ.

ಸಂಪಿನೊಳಗೆ ಇಳಿಯುವ ವಿಷಯದಲ್ಲಿ ಉದಾಸೀನ ಬೇಡ. ಮುಚ್ಚಿದ ಸಂಪಿನಲ್ಲಿ ಉಸಿರಾಡಲು ಗಾಳಿ ಸಾಲದೆ ಇಳಿದವನು ಕೂಗುವುದಕ್ಕೂ ಆಗದೆ ಕುಸಿಯಬಹುದು. ಮುಚ್ಚಳ ತೆಗೆದು ಹಲವು ಗಂಟೆ ಬಿಡಿ, ಫ್ಯಾನ್ ಗಾಳಿ ಬಿಡಿ. ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು, ಮೇನ್ ಬಂದ್ ಮಾಡಿ. ಒಬ್ಬರೇ ಇಳಿಯಬೇಡಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ಕೆಳಗಿನವರು ಬಿದ್ದರೆ ಮೇಲಿನವರು ಹಿಂದೆಯೇ ಜಿಗಿಯಬಾರದು, ಜೋಡಿ ಸಾವುಗಳಾಗುವುದು ಹಾಗೇ. ಆಳ ಹೆಚ್ಚಿದ್ದರೆ ಇಳಿಯುವುದೇ ಬೇಡ, ಉದ್ದ ಕೋಲಿನ ಬ್ರಷ್, ಮೇಲಿಂದ ರಾಡಿ ಎಳೆಯುವ ಪಂಪ್ ಇಟ್ಟುಕೊಂಡವರನ್ನು ಕರೆಯಿರಿ.

ತಳದ ರಾಡಿ ತೆಗೆದು ಗೋಡೆ ಉಜ್ಜಿದ ಮೇಲೆ ಬ್ಲೀಚಿಂಗ್. ಪುಸ್ತಕದಲ್ಲಿ ಟಾಕಿ ತುಂಬ ಬ್ಲೀಚಿಂಗ್ ನೀರು ತುಂಬಿಸಿ ಚೆಲ್ಲಿ ಎಂದಿರುತ್ತದೆ. ನಾಲ್ಕು ದಿನಕ್ಕೊಮ್ಮೆ ನಳ ಬರುವ ಊರಲ್ಲಿ ಸಾವಿರ ಲೀಟರ್ ಚೆಲ್ಲುವ ಧೈರ್ಯ ಯಾರಿಗಿದೆ? ಬದಲಿಗೆ ಹೀಗೆ ಮಾಡಿ: 20 ಲೀಟರ್ ನೀರಿಗೆ 16 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಗ್ಗಿಸಿಕೊಂಡು, ಬ್ರಷ್ಷಿನಿಂದ ಗೋಡೆ, ತಳ, ಮುಚ್ಚಳದ ಒಳಮೈಗೆ ಬಳಿಯಿರಿ. ಅರ್ಧ ಗಂಟೆ ಒದ್ದೆಯಾಗಿಯೇ ಇರಲಿ, ಆಮೇಲೆ ಎರಡು ಸಲ ತೊಳೆದು ಹೊರಹಾಕಿ. ಕೈಗವಸು ಹಾಕಿಕೊಳ್ಳಿ, ಸಂಪಿನೊಳಗೆ ಕೂತು ಬಳಿಯಬೇಡಿ.

ಪಾಯಖಾನೆಯ ಆ್ಯಸಿಡ್ ಹಾಕಿ ಜಂಗಿನ ಕಲೆ ತೆಗೆಯುವ ಜಾಣತನ ಇಲ್ಲಿ ಬೇಡವೇ ಬೇಡ. ಆ್ಯಸಿಡ್ ಮತ್ತು ಬ್ಲೀಚಿಂಗ್ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಚಿಕ್ಕ ಜಾಗದಲ್ಲಿ ಅದು ಜೀವ ತೆಗೆಯಬಲ್ಲದು.

## ಹಂತ 9: ಬೋರಿನ ಕಬ್ಬಿಣಕ್ಕೆ ಗಾಳಿಯೇ ಮದ್ದು

ಕಬ್ಬಿಣದ ನೀರಿಗೆ ಆರ್‌ಒ ಹಾಕಿಸುವುದು ಎಲ್ಲರಿಗೂ ತೋಚುವ ದಾರಿ. ಆದರೆ ಆರ್‌ಒ ಒಳಗಿನ ಪೊರೆಗೆ ಕಬ್ಬಿಣ ಮೆತ್ತಿ ಬೇಗ ಮುಚ್ಚಿಹೋಗುತ್ತದೆ. ಗಡಸು ತೆಗೆಯುವ ಸಾಫ್ಟ್‌ನರಿಗೂ ಅದೇ ಗತಿ. ಕಬ್ಬಿಣ ಮೊದಲು ಹೊರಬೀಳಬೇಕು.

ಬೋರ್ ನೀರು ಟಾಕಿಗೆ ಬೀಳುವ ಪೈಪಿನ ಬಾಯಿಗೆ ಶವರ್‌ನಂತೆ ತೂತುಗಳಿರುವ ಕ್ಯಾಪ್ ಹಾಕಿ, ಎತ್ತರದಿಂದ ಚದುರಿ ಬೀಳುವಂತೆ ಮಾಡಿ. ಗಾಳಿ ತಾಕಿ ಕಬ್ಬಿಣ ಜಂಗಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ತಳಕ್ಕೆ ಕೂರುತ್ತದೆ. ಮನೆಗೆ ಹೋಗುವ ಪೈಪು ಟಾಕಿಯ ತಳಕ್ಕಿಂತ ಅರ್ಧ ಅಡಿ ಮೇಲಿರಲಿ, ತಳದಲ್ಲಿ ರಾಡಿ ಬಿಡಲು ಬೇರೆ ವಾಲ್ವ್ ಇರಲಿ. ಇನ್ನೂ ಬಣ್ಣ ಉಳಿದರೆ ಮರಳಿನ ಫಿಲ್ಟರ್ ಇಡಿಸಿ, ವಾರಕ್ಕೊಮ್ಮೆ ಹಿಮ್ಮುಖವಾಗಿ ನೀರು ಬಿಟ್ಟು ತೊಳೆಯಿರಿ. ಕುಡಿಯುವ ನೀರಲ್ಲಿ ಕಬ್ಬಿಣ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಮಾನದಂಡ. ಬಟ್ಟೆ, ತಪೇಲಿಗೆ ಕಲೆ ಬೀಳುವುದು ಅದಕ್ಕೂ ಮುಂಚೆಯೇ ಶುರುವಾಗುತ್ತದೆ.

ಇಲ್ಲೊಂದು ತಮಾಷೆಯ ಗಾಬರಿ ಇದೆ. ತಿಳಿಯಾದ ಬೋರ್ ನೀರಿಗೆ ಬ್ಲೀಚಿಂಗ್ ಹಾಕಿದ ಕೂಡಲೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಪುಡಿ ಕಲಬೆರಕೆ ಎಂದು ಅಂಗಡಿಯವನ ಮೇಲೆ ಏರಿಹೋದವರನ್ನು ಬಲ್ಲೆ. ಕ್ಲೋರಿನ್ ಮಾಡಿದ್ದು ಗಾಳಿ ಮಾಡುವ ಕೆಲಸವನ್ನೇ, ಸ್ವಲ್ಪ ಬೇಗ. ಹಾಗೇ, ಕಬ್ಬಿಣದ ನೀರಲ್ಲಿ ಬಿಳಿ ಬಟ್ಟೆಗೆ ಬ್ಲೀಚ್ ಹಾಕಬೇಡಿ, ಜಂಗು ಬಟ್ಟೆಗೇ ಕೂರುತ್ತದೆ.

## ಹಂತ 10: ದುರಸ್ತಿ ಮುಗಿಯುವ ತನಕ ಕುಡಿಯುವ ನೀರು

ಮಣ್ಣಿನ ನೀರಿಗೆ ಮಾತ್ರ ಈ ವಿಧಾನ, ಗಟಾರ ಸೇರಿದ್ದಕ್ಕೆ ಅಲ್ಲ. 20 ಲೀಟರಿನ ಕೊಡಕ್ಕೆ ಕಡಲೆಕಾಳಿನಷ್ಟು ಪಟಕ (ಅಂಗಡಿಯಲ್ಲಿ ಫಿಟ್ಕರಿ ಎಂದು ಕೇಳಿ) ಪುಡಿಮಾಡಿ ಕದಡಿ. ಒಂದು ನಿಮಿಷ ಜೋರಾಗಿ, ಐದು ನಿಮಿಷ ಮೆಲ್ಲಗೆ ತಿರುವಿ. ಮಣ್ಣು ಹತ್ತಿಯ ಎಳೆಯಂತೆ ಕೂಡಿಕೊಂಡು ಇಳಿಯತೊಡಗುತ್ತದೆ. ಎರಡು ಗಂಟೆ ಬಿಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸಿ, ಬನಿಯನ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ.

ನೀರು ಈಗ ತಿಳಿ, ಆದರೆ ಶುದ್ಧವಲ್ಲ. ಪಟಕ ಹಾಕಿದ್ದೇವೆಂದು ಹಾಗೇ ಕುಡಿಯುವುದು ದೊಡ್ಡ ತಪ್ಪು. ಕುದಿ ಬಂದ ಮೇಲೂ ಒಂದು ನಿಮಿಷ ಕಳಪಳ ಕುದಿಯಲಿ, ಇಲ್ಲವೇ ಕ್ಲೋರಿನ್ ಮಾತ್ರೆಯನ್ನು ಚೀಟಿಯಲ್ಲಿ ಬರೆದ ಅಳತೆಗೆ ಹಾಕಿ ಅರ್ಧ ಗಂಟೆ ಕಾಯಿರಿ. ಕ್ಲೋರಿನ್ ಮೊದಲು ಹಾಕಿ ಪಟಕ ಆಮೇಲೆ ಹಾಕುವವರಿದ್ದಾರೆ. ರಾಡಿಯಲ್ಲಿ ಕ್ಲೋರಿನ್ ಶಕ್ತಿ ಮಣ್ಣಿಗೇ ಖರ್ಚಾಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ.

ತೊಳೆದ ಟಾಕಿಯ ತಿಳಿನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಸಾಕು. ಚಮಚದಲ್ಲಿ ಅಂದಾಜು ಮಾಡಬೇಡಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 25 ಗ್ರಾಂ ತೂಗಿಸಿ ಸಮವಾಗಿ ಹತ್ತು ಪೊಟ್ಟಣ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ತೆರೆದಿಟ್ಟ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಘಾಟು ಬಡಿಯದಿದ್ದರೆ ಅದು ಬರೀ ಸುಣ್ಣ.

ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ.

## ಹಂತ 11: ಬಣ್ಣವಿಲ್ಲದ್ದಕ್ಕೆ ಪ್ರಯೋಗಶಾಲೆ

ಯಾದಗಿರಿ ಕಡೆಯ ಎಷ್ಟೋ ಬೋರುಗಳ ನೀರಲ್ಲಿ ಫ್ಲೋರೈಡ್ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಬೋರ್ ನೀರಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಎರಡಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ, ಮೇಲಿನ ಹತ್ತು ಹಂತಗಳಲ್ಲಿ ಯಾವುದೂ ಅವನ್ನು ಹಿಡಿಯುವುದಿಲ್ಲ. ಬೋರ್ ನೀರು ಕುಡಿಯುವವರು ಕೆಂಪು ಹೋಯಿತೆಂದು ನಿರಾಳವಾಗದೆ ಜಿಲ್ಲಾ ಕುಡಿಯುವ ನೀರಿನ ಪ್ರಯೋಗಶಾಲೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಕೇಳಿ. ರಾಸಾಯನಿಕ ಪರೀಕ್ಷೆಗೆ ತೊಳೆದ ಬಾಟಲಿ ನಡೆಯುತ್ತದೆ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿಯಲ್ಲಿ ಹಿಡಿದು ಅವತ್ತೇ ತಲುಪಿಸಬೇಕು.

## ಹಂತ 12: ಮುಂದಿನ ನಳ ಬಂದ ದಿನ

ಕೆಲಸ ಮುಗಿದ ಮೇಲೂ ಬಾಟಲಿಗಳನ್ನು ಎಸೆಯಬೇಡಿ. ಮುಂದಿನ ಮೂರು ಸಲ ನಳ ಬಂದಾಗ ಅದೇ ನಾಲ್ಕು ಜಾಗದ ನೀರು ಹಿಡಿದು, ರಾತ್ರಿ ಇಟ್ಟು, ಹಳೆಯ ಫೋಟೊದ ಜೊತೆ ಹೋಲಿಸಿ. ಒಂದು ಸಲ ತಿಳಿ ಬಂದದ್ದಕ್ಕೆ ಪ್ಲಂಬರಿಗೆ ಪೂರ್ತಿ ದುಡ್ಡು ಕೊಟ್ಟುಬಿಡುವುದು ನಮ್ಮ ಓಣಿಯ ಹಳೆಯ ಚಾಳಿ. ಮೂರನೆಯ ಸಲದ ಬಾಟಲಿ ನೋಡಿ ಕೊಡಿ.